ಲಾಯದ ಲೆಕ್ಕ

ಔಲು ಊರಿನಂಚು. ಸೊನ್ನೆಗೆ
ಇಪ್ಪತ್ತೆರಡು ಮೆಟ್ಟಿಲು ಕೆಳಗೆ ಚಳಿ.
ತೌನೊನ ಶೆಡ್ಡಿನಲ್ಲಿ, ಉರುಳೆಗಳ ಮೇಲೆ,
ನಿಂತಲ್ಲೇ ಓಡುತ್ತಿದೆ ಹಳೇ ಸಾಬ್.

ಸೈಲೆನ್ಸರ್ ಬದಲಿಸಿದ್ದಕ್ಕೆ ಮೂರು ಕುದುರೆ,
ಎಂಟುನೂರು ಯೂರೋ.
ಏರ್ ಫಿಲ್ಟರಿಗೆ ಒಂದೇ ಒಂದು, ಅದೂ ಕುಂಟು.
ಚಿಪ್ ತಿದ್ದಿದ ರಾತ್ರಿ ಮಾತ್ರ ಇಪ್ಪತ್ತಾರು:
ಲಾಯ ಸಾಲದು ಅಂತ ನಕ್ಕಿದ್ದಳು ಹಿಲ್ಕಾ
ಸೀಮೆಸುಣ್ಣದ ಬೆರಳು ಪ್ಯಾಂಟಿಗೊರೆಸಿ.

ಇವತ್ತು ಏನೂ ಬದಲಿಸಿಲ್ಲ.
ಬಾಗಿಲು ತೆರೆದಿತ್ತು, ಅಷ್ಟೆ.
ಮತ್ತೆ ಒಂಬತ್ತು!

ತೌನೊ ಒಂದೊಂದೇ ಬೋಲ್ಟು ತಡವಿ ನೋಡಿದ,
ಕಳ್ಳಮಾಲು ಸಿಕ್ಕವನ ಹಾಗೆ.
"ಗಾಳಿ ಕಣೋ," ಅಂದಳು ಅಕ್ಕ,
"ಹೆಪ್ಪುಗಟ್ಟಿದ ಗಾಳಿ. ಬಿಟ್ಟಿ."

ಹಲಗೆಯ ಮುಂದೆ ಬಹಳ ಹೊತ್ತು ನಿಂತಳು.
ಜುಲೈ ಬರಲಿ, ಈ ಒಂಬತ್ತೂ
ಬಿಸಿಲುಗುದುರೆ.

ಆದರೂ ಬರೆದಳು,
ಸುಣ್ಣ ಒತ್ತದೆ.