ದೋಷ ಸಂಖ್ಯೆ ಮೈನಸ್ ಎರಡು

ಸಾಲ್ಮನ್ ಮೀನಿನ ಕಂಪನಿ ಬಾಗಿಲು ಮುಚ್ಚಿದ ವರ್ಷ
ಹನ್ನೊಂದು ಲ್ಯಾಪ್‌ಟಾಪು ನಮ್ಮ ದ್ವೀಪದ ಶಾಲೆಗೆ ಬಂದವು,
ಆಲೂಗಡ್ಡೆ ಚೀಲದಲ್ಲಿ, ದೋಣಿಯ ಮೇಲೆ.
ಮುಚ್ಚಳ ತೆರೆದರೆ ಈಗಲೂ ಮೀನಿನ ವಾಸನೆ.

ಒರ್ಫೆಲೀನಾ ಮಿಲ್ಯಾಲೊಂಕೊ,
ಒಂದು ಕಾಲಕ್ಕೆ ದೋಣಿಯ ಇಂಜಿನ್ ಬಿಚ್ಚುತ್ತಿದ್ದವಳು,
ಹಳೆಯದನ್ನೆಲ್ಲ ಒರೆಸಿಹಾಕಿ ಲಿನಕ್ಸ್ ಕೂರಿಸಿದಳು.
ಪರದೆ ಬಂತು, ಕೀಲಿಮಣೆ ಬಂತು, ಸದ್ದೂ ಬಂತು.
ವೈಫೈ ಮಾತ್ರ ಬರಲಿಲ್ಲ.

ನಾನು ಲೆಕ್ಕದ ಮೇಷ್ಟ್ರು.
ಟಾರ್ಚ್ ಹಿಡಿಯುವುದು, ಸ್ಕ್ರೂ ಎಣಿಸುವುದು ನನ್ನ ಕೆಲಸ.
ಹೊಟ್ಟೆ ಬಿಚ್ಚಿದಾಗ ಕಂಡಿತು:
ಬಿಸ್ಕತ್ತಿನ ಚೂರಿನಷ್ಟು ಕಾರ್ಡು,
ಮೇಲೆ ಎರಡು ಎಳೆ ತಂತಿ, ಒಂದು ಕಪ್ಪು, ಒಂದು ಬಿಳಿ.
'ಇದಕ್ಕೆ ಏನೂ ಆಗಿಲ್ಲ' ಅಂದಳು,
ಜ್ವರದ ಮಗುವಿನ ಹಣೆ ಮುಟ್ಟಿದವಳ ಹಾಗೆ.

ಕಪ್ಪು ಪರದೆಯಲ್ಲಿ ಸಾಲು ಸಾಲು ಹರಿದು
ಒಂದು ಕಡೆ ನಿಂತಿತು:
ಕಾರ್ಡು ಸಿಕ್ಕಿದೆ. ಅದರ ಕಡತ ಸಿಕ್ಕಿಲ್ಲ.
ದೋಷ ಸಂಖ್ಯೆ ಮೈನಸ್ ಎರಡು.

ಕಡತ ಇರುವುದು ನೆಟ್ಟಿನಲ್ಲಿ.
ನೆಟ್ಟಿಗೆ ಹೋಗಲು ಕಡತ ಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಕೇಬಲ್ ಚುಚ್ಚೋಣವೆಂದರೆ
ಈ ತೆಳ್ಳನೆಯ ಯಂತ್ರಗಳಿಗೆ ಅದರ ತೂತೇ ಇಲ್ಲ.

ಸ್ಮಶಾನದ ಗುಡ್ಡದ ಮೇಲೆ ಮಾತ್ರ ಫೋನಿಗೆ ಜೀವ.
ಬೇಲಿಗೆ ಬೆನ್ನು ಕೊಟ್ಟು, ಗಾಳಿಗೆ ಕಿವಿ ಮುಚ್ಚಿಕೊಂಡು
ವಾಲ್ದಿವಿಯಾದ ತಮ್ಮ ಎಲಿಸೆಯೊಗೆ ಕೂಗಿ ಹೇಳಿದಳು.
ಅವನೋ ಮಡಿವಂತ:
'ಅಕ್ಕಾ, ಅದು ಮುಚ್ಚಿದ ಕಡತ.
ಒಳಗೇನಿದೆ ಅಂತ ಮಾಡಿದವನಿಗೆ ಮಾತ್ರ ಗೊತ್ತು.
ಎಲ್ಲ ಬಾಗಿಲೂ ತೆರೆದಿಟ್ಟ ಮನೆಯಲ್ಲಿ
ಒಂದು ಕೋಣೆಗೆ ಯಾರದೋ ಬೀಗ ಯಾಕೆ?
ತೆರೆದ ಕಾರ್ಡು ಹುಡುಕಿ ಕಳಿಸುತ್ತೇನೆ, ಮೂರು ತಿಂಗಳು ತಡೆ.'

'ಮಕ್ಕಳ ಪರೀಕ್ಷೆ ಸೋಮವಾರ' ಅಂದಳು ಇವಳು.
ಆಮೇಲೆ ಬಹಳ ಹೊತ್ತು ಗಾಳಿಯೇ ಮಾತಾಡಿತು.

ಗುರುವಾರದ ದೋಣಿ ಡೋನ್ಯಾ ಸೆಲ್ಮೀರಾ
ಸೀಮೆಎಣ್ಣೆ, ಈರುಳ್ಳಿ, ಒಂದು ಶವಪೆಟ್ಟಿಗೆ
ಇಳಿಸಿದ ಮೇಲೆ
ನಾವಿಕ ಜೇಬಿನಿಂದ ತೆಗೆದುಕೊಟ್ಟ,
ತಂಬಾಕಿನ ಪುಡಿ ಮೆತ್ತಿದ ಪೆನ್‌ಡ್ರೈವು.
ಜೊತೆಗೆ ಎಲಿಸೆಯೊನ ಚೀಟಿ:
'ಹಾಕು. ನನಗೆ ಹೇಳಬೇಡ.'

ಸಣ್ಣದು ಕಡತ, ಒಂದು ಫೋಟೋದಷ್ಟೂ ಇಲ್ಲ.
ಅದನ್ನು ಇಡಬೇಕಾದ ಕಡೆ ಇಟ್ಟಳು.
ಚಾಲಕವನ್ನು ಇಳಿಸಿ, ಮತ್ತೆ ಹತ್ತಿಸಿದಳು.
'ಗೊತ್ತಾ ಮೇಷ್ಟ್ರೇ, ಇದಕ್ಕೆ ನೆನಪಿಲ್ಲ.
ರಾತ್ರಿ ಆರಿಸಿದರೆ ಎಲ್ಲ ಮರೆಯುತ್ತದೆ.
ದಿನಾ ಬೆಳಿಗ್ಗೆ, ಎದ್ದ ತಕ್ಷಣ
ನೀನು ಯಾರು ಅಂತ ಹೇಳಿಕೊಡಬೇಕು.'
ನನಗೆ ಏಳನೇ ತರಗತಿ ನೆನಪಾಯಿತು. ಹೇಳಲಿಲ್ಲ.

ಒಂದು ಎದ್ದಿತು. ಇನ್ನೊಂದು. ಒಂಬತ್ತು ಎದ್ದವು.
ಹತ್ತನೆಯದು ಸಂಜೆವರೆಗೂ ಜಗ್ಗಲಿಲ್ಲ.
ಎಲ್ಲ ಸರಿ, ಆದರೂ 'ತಡೆಯಲಾಗಿದೆ' ಎನ್ನುತ್ತಿತ್ತು.
ಮಿಲ್ಕಾವೊ ತಿಂದ ಜಿಡ್ಡು ಕೈಯ ಯಾಮಿಲೆತ್,
ಆರು ವರ್ಷದವಳು, ಅಂಚಿನಲ್ಲೊಂದು ಪುಟ್ಟ ಗುಂಡಿ ಸರಿಸಿದಳು,
ಸರಿಸಲಿಕ್ಕೆ ಇದೆಯಲ್ಲ ಎಂದು.
ನಾವಿಬ್ಬರು ದೊಡ್ಡವರು ಕಟ್ಟಿಗೆ ಒಲೆಯ ಕಡೆ ನೋಡಿದೆವು.

ಹನ್ನೊಂದನೆಯದು ಏಳಲೇ ಇಲ್ಲ.
ಈಗ ಅದು ಬಾಗಿಲಿಗೆ ಒತ್ತು.

ಹೆಸರುಗಳ ಪಟ್ಟಿಯಲ್ಲಿ ನಮ್ಮ ಶಾಲೆ ಒಂದೇ ಇರಬೇಕಿತ್ತು.
ಕೆಳಗೆ ಇನ್ನೊಂದಿತ್ತು: ಸೆಲ್ಮೀರಾ.
ಹೊರಡಲು ತಡವಾದ ದೋಣಿ. ಅದರಲ್ಲೂ ವೈಫೈ ಇತ್ತಂತೆ,
ಇಷ್ಟು ವರ್ಷ ವಾರಕ್ಕೊಮ್ಮೆ ಬಂದು
ತನ್ನ ಹೆಸರು ಕೂಗಿ ಕೂಗಿ ಹೋಗುತ್ತಿತ್ತಂತೆ.

ಹಗ್ಗ ಬಿಚ್ಚಿದರು.
ಹತ್ತು ಪರದೆಗಳಲ್ಲಿ ನಾಲ್ಕು ಗೆರೆ,
ಮೂರು, ಮೂರು, ಎರಡು.
ಮಕ್ಕಳು ಕಿಟಕಿಗೆ ಓಡಲಿಲ್ಲ.
ಅಲ್ಲೇ ಕೂತು, ಆ ಕಡೆಯ ಗೆರೆಗೆ
ಕೈ ಬೀಸಿದರು.