ಕೋರಿಕೆ ನಿಲುಗಡೆ

ಬನಶಂಕರಿಯಿಂದ ಯಶವಂತಪುರಕ್ಕೆ ಫಸ್ಟ್ ಟ್ರಿಪ್ಪು.
ಜನವರಿ, ಬೆಳಿಗ್ಗೆ ಆರೂಕಾಲು.
ಎಲ್ಲರೂ ಮಫ್ಲರು ಸುತ್ತಿ ಮುದುರಿ ಕೂತಿರುವಾಗ
ನಾನೊಬ್ಬಳು ಕಿಟಕಿ ತೆಗೆಯುತ್ತೇನೆ.

"ಚಳಿ ಕಣಮ್ಮಾ ಕಂಡಕ್ಟ್ರೇ, ಮುಚ್ಚಿ" ಅನ್ನುತ್ತದೆ ಮೂರನೇ ಸೀಟು.
ಹೇಗೆ ಮುಚ್ಚಲಿ?
ಎದೆಯ ಬುಡದಲ್ಲಿ ಯಾರೋ ಹಂಡೆಗೆ ಉರಿ ಹಾಕಿದ್ದಾರೆ.
ಕತ್ತು, ಕಿವಿ, ಕೂದಲ ಬೇರು,
ಖಾಕಿ ಬೆನ್ನಿಗೆ ಅಂಟುತ್ತದೆ.
ಮೂರು ನಿಮಿಷ, ಅಷ್ಟೆ.
ಆಮೇಲೆ ಅದೇ ಬೆವರು ತಣ್ಣಗಾಗಿ
ನನಗೂ ಚಳಿ.

ಚಿಲ್ಲರೆ ಮರೆಯುತ್ತೇನೆ ಈಗೀಗ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಹದಿನೈದು ರೂಪಾಯಿ
ಕೆಂಪು ಅಂಗಿಗೋ, ಹೆಲ್ಮೆಟ್ಟು ಹಿಡಿದವನಿಗೋ.
ಇಪ್ಪತ್ತಾರು ವರ್ಷ ನಿದ್ದೆಗಣ್ಣಲ್ಲೂ ಸ್ಟೇಜು ಕೂಗಿದವಳಿಗೆ
ಮೊನ್ನೆ ನವರಂಗ್ ಬಂದರೂ
ನವರಂಗ್ ಅನ್ನುವ ಮಾತೇ ಬಾಯಿಗೆ ಬರಲಿಲ್ಲ.
ಇನಾಯತಣ್ಣ ಕನ್ನಡಿಯಲ್ಲಿ ನೋಡಿದರು,
ಏನೂ ಕೇಳಲಿಲ್ಲ, ಹಾರ್ನು ಹೊಡೆದರು.

ಅದಕ್ಕೂ ಮುಂಚೆ ಮೂರು ವರ್ಷ:
ಎರಡು ತಿಂಗಳು ಬಾರದ್ದು ಒಂದು ದಿನ ಬಂದು
ಕಾಮಾಕ್ಷಿಪಾಳ್ಯದ ಜಾಮಿನಲ್ಲಿ
ಸೀಟು ಬಿಟ್ಟು ಏಳಲಾಗದಷ್ಟು.
ಖಾಕಿಯಲ್ಲಿ ಕಲೆ ಕಾಣುವುದಿಲ್ಲ ಅಂದವರು
ಖಾಕಿ ತೊಟ್ಟವರಲ್ಲ.
ಬೀದಿ ತುದಿಯ ನರ್ಸಿಂಗ್ ಹೋಮು
ಸ್ಕ್ಯಾನನ್ನು ಬೆಳಕಿಗೂ ಹಿಡಿಯದೆ ಅಂದಿತ್ತು:
"ಗರ್ಭಕೋಶ ತೆಗೆಸಿಬಿಡಿ, ಮಕ್ಕಳಾಯ್ತಲ್ಲ."
ನಮ್ಮ ಡಿಪೋದ ಮೆಕ್ಯಾನಿಕ್ಕು ಹಳೇ ಟಯರು ಬಿಚ್ಚಲೂ
ಇದಕ್ಕಿಂತ ಹೆಚ್ಚು ಯೋಚಿಸುತ್ತಾನೆ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಅಂದರು ಅತ್ತೆ.
ಇತ್ತಂತೆ. ರಾತ್ರಿ ಸೊಪ್ಪು ಬಿಡಿಸುತ್ತ ಒಪ್ಪಿಕೊಂಡರು.
ನಡುರಾತ್ರಿ ಬಾವಿಕಟ್ಟೆಗೆ ಹೋಗಿ
ಕೊಡ ಕೊಡ ತಲೆಗೆ ಸುರಿದುಕೊಂಡದ್ದಕ್ಕೆ
ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿದರಂತೆ.

ವಾರದ ರಜೆಯ ದಿನ ಸರ್ಕಾರಿ ಆಸ್ಪತ್ರೆ, ಟೋಕನ್ ಎಪ್ಪತ್ತೊಂದು.
ಡಾಕ್ಟರ್ ಫಿಲೋಮಿನಾ ಮೊದಲು ಕೇಳಿದ್ದು: ನಿದ್ದೆ ಎಷ್ಟು?
ಅಷ್ಟಕ್ಕೇ ಕಣ್ಣು ತುಂಬಿತು.
ಛೇ, ಇದೂ ಈ ಕಾಯಿಲೆಯದೇ ಇರಬೇಕು ಅಂದೆ.
"ಕಾಯಿಲೆ ಅಲ್ಲ. ಹಾಗಂತ ಸಹಿಸಿಕೊಂಡಿರಿ ಅಂತಲೂ ಅಲ್ಲ."

ಚೀಟಿಯ ಹಿಂದೆ ರೂಟುಮ್ಯಾಪಿನ ಹಾಗೆ ಗೀಚಿದರು.
ಇದು ಹಾರ್ಮೋನು: ಮಾತ್ರೆ, ಜೆಲ್ಲು, ಸೊಂಟಕ್ಕೆ ಅಂಟಿಸುವ ಪಟ್ಟಿ,
ಬೇಗ ಮುಟ್ಟಿಸುತ್ತದೆ, ಎಲುಬಿಗೂ ಒಳ್ಳೆಯದು.
ಬಿಪಿ? ಕಾಲಲ್ಲಿ ಹೆಪ್ಪು? ಮನೆಯಲ್ಲಿ ಯಾರಿಗಾದರೂ ಎದೆಯ ಗಂಟು?
ನಂಜಕ್ಕನಿಗೆ, ಅಂದೆ.
ಪೆನ್ನು ನಿಂತಿತು.
ಬೇಡವೇ ಬೇಡ ಅಂತಲ್ಲ, ತೂಗಿ ನೋಡಬೇಕು, ಅಂದರು.
ಇನ್ನೊಂದು ದಾರಿ: ಹಾರ್ಮೋನಿಲ್ಲದ ಸಣ್ಣ ಮಾತ್ರೆ, ದಿನಕ್ಕೊಂದು,
ಉರಿ ಅರ್ಧಕ್ಕೆ ಇಳಿದೀತು, ಪೂರ್ತಿ ಅಲ್ಲ.
ಒಣಗಿದ್ದಕ್ಕೆ, ಮೂತ್ರದ ಅವಸರಕ್ಕೆ ಒಂದು ಮುಲಾಮು, ಅಲ್ಲಿಗೆ ಮಾತ್ರ.
ಅದನ್ನವರು ದನಿ ತಗ್ಗಿಸದೆ ಹೇಳಿದರು,
ನಾನೇ ಬಾಗಿಲ ಕಡೆ ನೋಡಿದೆ.
ಗರ್ಭಕೋಶ? ಅಂದೆ.
"ಪಾಪ, ಅದರ ಪಾಡಿಗೆ ಅದಿರಲಿ ಬಿಡಿ."

ಎರಡನೇ ಷಿಫ್ಟಿನ ಮುಬೀನಾ ಪಟ್ಟಿ ಹಚ್ಚಿಕೊಂಡಿದ್ದಾಳೆ.
"ಪಾಸು ಅಂಟಿಸಿದೀನಿ ನೋಡು, ವಾರಕ್ಕೆರಡು ಸಲ ರಿನ್ಯೂವಲ್ಲು"
ಅಂತ ಸೆರಗಿನ ಮೇಲೇ ಸೊಂಟ ತಟ್ಟಿ ನಗುತ್ತಾಳೆ.
ಅವಳಿಗೆ ಆ ರೂಟು.
ನನಗೆ ಸಣ್ಣ ಮಾತ್ರೆ, ಮುಲಾಮು, ಹತ್ತಿಯ ರವಿಕೆ,
ಒದ್ದೆ ಕರ್ಚೀಫು. ಎರಡನೇ ಕಾಫಿ ಬಿಡಬೇಕಂತೆ,
ಅದೊಂದು ಇನ್ನೂ ಆಗಿಲ್ಲ.

ನಾಲ್ಕು ತಿಂಗಳಾಯಿತು.
ಉರಿ ಬರುತ್ತದೆ, ದಿನಕ್ಕೆರಡು ಸಲ, ನೆಂಟನ ಹಾಗೆ.
ಹೋದ ವಾರ ಒಂದು ರಾತ್ರಿ ಅಲಾರಂ ಹೊಡೆಯುವ ತನಕ ಮಲಗಿದ್ದೆ,
ಗಾಬರಿಯಾಗಿ ಗಂಡ ಮೂಗಿನ ಹತ್ತಿರ ಕೈ ಹಿಡಿದು ನೋಡಿದರಂತೆ.

ಮುಟ್ಟು ನಿಂತಿದೆ.
ಮುಟ್ಟುವುದು ನಿಂತಿಲ್ಲ:
ದಿನಕ್ಕೆ ಮೂರು ಸಲ ಯಶವಂತಪುರ ಮುಟ್ಟುತ್ತೇನೆ,
ಮೂರು ಸಲ ಮರಳಿ ಬನಶಂಕರಿ.

ನಡುವೆ ಒಂದು ಕೋರಿಕೆ ನಿಲುಗಡೆ, ಪೆಟ್ರೋಲ್ ಬಂಕಿನ ಪಕ್ಕ.
ಯಾರೂ ಕೇಳದಿದ್ದರೆ ಗಾಡಿ ನಿಲ್ಲುವುದಿಲ್ಲ.
ಇಪ್ಪತ್ತಾರು ವರ್ಷ ಅದನ್ನು ದಾಟುವಾಗೆಲ್ಲ
ಹೊಟ್ಟೆ ಬಿಗಿಹಿಡಿದು ಕೂತಿದ್ದೇನೆ.
ಇವತ್ತು ಸೀಟಿ ಊದಿದೆ.
ಯಾರಿಳಿಯೋದು? ಅಂದರು ಇನಾಯತಣ್ಣ.
ನಾನೇ, ಅಂದೆ. ಬಾತ್ರೂಮು. ಎರಡು ನಿಮಿಷ.
ಎಲ್ಲರಿಗೂ ಕೇಳುವ ಹಾಗೆ.

ಮೂರನೇ ಸೀಟು ಗೊಣಗಿತು. ಗೊಣಗಲಿ.
ವಾಪಸು ಬಂದಾಗ
ಗಾಡಿ ಕಾದಿತ್ತು.