ಪ್ರಕಾಶಕರು: ಅಜ್ಞಾತ

ಎಸ್‌ಪಿ ರೋಡಿನ ಈ ಮೆಟ್ಟಿಲು ಹತ್ತಿ ಬಂದವರು
ಮೊದಲು ಉಸಿರು ಬಿಡುತ್ತಾರೆ, ಆಮೇಲೆ ಕಾಯಿಲೆ ಹೇಳುತ್ತಾರೆ.
ಚೌಡಪ್ಪನವರು ಎರಡನ್ನೂ ಮಾಡಲಿಲ್ಲ.
ಪಂಚೆಯ ಗಂಟಿನಿಂದ ಪೆನ್‌ಡ್ರೈವ್ ಬಿಚ್ಚಿ
ಅಡಕೆ ಕೊಟ್ಟ ಹಾಗೆ ನನ್ನ ಅಂಗೈಗೆ ಹಾಕಿದರು.

"ನಿನ್ನೆಯಿಂದ ಕಂಪ್ಯೂಟರ್ರು ಇದನ್ನ ಕಳ್ಳ ಅಂತದೆ.
ಹೌದಾ ಅಲ್ವಾ, ಅಷ್ಟು ನೋಡಿ ಹೇಳಮ್ಮಾ.
ಮಗ್ಗ ನಿಂತದೆ."

ಒಳಗೆ ಒಂದೇ ಫೈಲು: ಅಂಚು ಡಾಟ್ ಇಎಕ್ಸ್‌ಇ.
ಸೀರೆಯಂಚಿನ ಚಿತ್ರ ಕೊಟ್ಟರೆ
ಜಕಾರ್ಡಿನ ರಟ್ಟಿಗೆ ಎಲ್ಲೆಲ್ಲಿ ತೂತು ಎಂದು ಹೇಳುವ ಪ್ರೋಗ್ರಾಮು.
ಎರಡು ಸಲ ಒತ್ತಿದ್ದರೆ ಗೊತ್ತಾಗುತ್ತಿತ್ತು.
ಹಾಗೆ ಒತ್ತಿದವರ ಹಾರ್ಡ್ ಡಿಸ್ಕುಗಳು
ನನ್ನ ಮೇಜಿನಡಿ ಡಬ್ಬದಲ್ಲಿ ಮಲಗಿವೆ.

ಮೂಲೆಯಲ್ಲೊಂದು ಹಳೇ ಮಷೀನಿದೆ, ಇಂಥವಕ್ಕೇ ಇಟ್ಟದ್ದು.
ನೆಟ್ಟಿಲ್ಲ, ನೆಂಟರಿಲ್ಲ,
ಅಮ್ಮ ಆದ ಮಗುವನ್ನು ಮಲಗಿಸುವ ಕೋಣೆಯ ಹಾಗೆ.
ಬಾಗಿಲಿಗೆ ಬೇವು ಕಟ್ಟುವುದೊಂದು ಬಾಕಿ.

ಮೌಸಿನ ಬಲಗಿವಿ ಒತ್ತಿದೆ.
ಪ್ರಕಾಶಕರು: ಅಜ್ಞಾತ.
ಓದಿ ಹೇಳಿದ್ದಕ್ಕೆ ಮುದುಕರಿಗೆ ಸಿಟ್ಟು ಬಂತು.
"ಅಜ್ಞಾತ ಎಂಥದ್ದು? ಇಮ್ತಿಯಾಜ್ ಅಂತ.
ಸಿದ್ದಣ್ಣ ಗಲ್ಲೀಲಿ ರಟ್ಟು ಹೊಡೀತಿದ್ದ ಹುಡುಗ.
ಕೈ ನೋಯ್ತದೆ ಅಂತ ಇದನ್ನ ಬರೆದ.
ಹನ್ನೊಂದು ವರ್ಷ ಆಯ್ತು, ಒಂದೆಳೆ ತಪ್ಪಿಲ್ಲ."

ಸಹಿಗೂ ವರ್ಷಕ್ಕಿಷ್ಟು ಎಂದು ಬಾಡಿಗೆ ಇದೆ,
ಇಮ್ತಿಯಾಜ್ ಅದನ್ನು ಕಟ್ಟಿಲ್ಲ
ಎಂದು ಇವರಿಗೆ ಹೇಗೆ ಹೇಳಲಿ.
ಎಪ್ಪತ್ತು ಸ್ಕ್ಯಾನರುಗಳ ಪಂಚಾಯಿತಿಗೆ ಫೈಲು ಕಳಿಸಿದೆ.
ಒಂಬತ್ತು ಮಂದಿ ಕೆಟ್ಟದ್ದು ಅಂದರು,
ಒಬ್ಬೊಬ್ಬರು ಒಂದೊಂದು ಹೆಸರಿಟ್ಟು.
ಉಳಿದವರು ಬಾಯಿ ಬಿಡಲಿಲ್ಲ.
ಊರ ಬಾಯಿಗೆ ಹುಡುಗ ಬಲಿಯಾದನೋ,
ಊರೇ ಸರಿಯೋ.

"ಅವನು ಮೊದಲು ಕೊಟ್ಟದ್ದು ಬೇರೆ ಎಲ್ಲಾದರೂ ಇದೆಯಾ?"

ಇಳಿದು ಹೋದರು.
ನಾನು ಒಂದು ಲ್ಯಾಪ್‌ಟಾಪಿನ ಕೀಲು ಬಿಗಿದೆ,
ತಣ್ಣಗಾದ ಟೀ ಕುಡಿದೆ.
ಕಬ್ಬನ್‌ಪೇಟೆಯಿಂದ ಮರಳಿದಾಗ ಕೈಯಲ್ಲೊಂದು ಸೀಡಿ,
ಚೌಡೇಶ್ವರಿ ಫೋಟೋದ ಹಿಂದೆ ಇತ್ತಂತೆ.
ಅರಿಸಿನ ಕುಂಕುಮ ಒರೆಸಿಯೇ ಡ್ರೈವಿಗೆ ಹಾಕಬೇಕಾಯಿತು.

ಅದೇ ಹೆಸರು. ಅದೇ ಮುಖ.
ಸೀಡಿಯದು ಇನ್ನೂರ ಹನ್ನೆರಡು ಕೆಬಿ,
ಪೆನ್‌ಡ್ರೈವಿನದು ಇನ್ನೂರ ಐವತ್ತಮೂರು.
ಹನ್ನೊಂದು ವರ್ಷದಲ್ಲಿ ಮನುಷ್ಯ ದಪ್ಪಗಾಗಬಹುದು,
ಫೈಲು ಆಗಬಾರದು.

ಮೂಲೆಯ ಮಷೀನಿನಲ್ಲಿ ಒಂದಾದ ಮೇಲೊಂದು ಓಡಿಸಿದೆ.
ಸೀಡಿಯದು ಕಿಟಕಿ ತೆರೆದು
ಚಿತ್ರ ಕೊಡಿ ಎಂದು ಕಾದು ಕೂತಿತು.
ಪೆನ್‌ಡ್ರೈವಿನದೂ ಅದೇ ಕಿಟಕಿ, ಅದೇ ಮಾತು,
ಹಿತ್ತಲಲ್ಲಿ ಮಾತ್ರ ಯಾರೋ ಸದ್ದಿಲ್ಲದೆ
ಹೊರದಾರಿ ತಡವುತ್ತಿದ್ದರು.
ಗೋಡೆ.
ಮೂವತ್ತು ಸೆಕೆಂಡು ಬಿಟ್ಟು ಮತ್ತೆ ತಡವಿದರು.
ಗೋಡೆ.

"ಹುಡುಗ ಕಳ್ಳನಲ್ಲ," ಅಂದೆ.
"ಅವನ ಅಂಗಿ ತೊಟ್ಟು ಇನ್ಯಾರೋ ಬಂದಿದ್ದಾರೆ.
ಈ ಪೆನ್‌ಡ್ರೈವ್ ಎಲ್ಲೆಲ್ಲಿ ಹೋಗಿತ್ತು?"
ಜೆರಾಕ್ಸ್ ಅಂಗಡಿ, ಆಡಿಟರ್ ಆಫೀಸು, ಮೊಮ್ಮಗಳ ಕಾಲೇಜು...
ಬೆರಳು ಮಡಿಸುತ್ತ ಹೋದವರು
ಐದನೆಯದಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು.
ನಾಳೆ ಕಂಪ್ಯೂಟರನ್ನೇ ಹೊತ್ತು ತರಬೇಕು ಅಂದೆ.

ಸೀಡಿಯ ಪ್ರತಿಯನ್ನೂ ಪಂಚಾಯಿತಿಗೆ ಕಳಿಸಿದ್ದೆ.
ಎಪ್ಪತ್ತರಲ್ಲಿ ಇಬ್ಬರು ಅದನ್ನೂ ನಂಬಲಿಲ್ಲ.
ಅದನ್ನು ಹೇಳಲಿಲ್ಲ.

ಒಳ್ಳೆಯ ಫೈಲಿನ ಬೆರಳಚ್ಚು ತೆಗೆದು
ಮೊದಲ ಎಂಟು ಅಕ್ಷರ ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟೆ.
"ಇದು ಅವನ ಬೆರಳಾ?"
"ಫೈಲಿನದು. ಒಂದು ಚುಕ್ಕೆ ಆಚೀಚೆ ಆದರೂ
ಇದು ಪೂರಾ ಬೇರೆ ಆಗುತ್ತೆ."

ಚೀಟಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದರು,
ಒಂದು ಕಣ್ಣು ಮುಚ್ಚಿ,
ರಟ್ಟಿನ ತೂತು ಸರಿಯಿದೆಯೇ ಎಂದು ನೋಡುವವರ ಹಾಗೆ.
ಕಾಗದದಲ್ಲಿ ತೂತು ಇರಲಿಲ್ಲ.
ಆದರೂ ಬಹಳ ಹೊತ್ತು ನೋಡಿದರು.